ಮನೆಗೂ ಬೇಕು ಕಾಲಮಿತಿ

ನಮ್ಮ ಮನೆಯಲ್ಲಿ ಮಗಳ ಓದಿಗೆಂದು ಮಾಡಿಸಿದ ಹಲಸಿನ ಮರದ ಮೇಜೊಂದಿದೆ. ಆಕೆ ಐದನೆಯ ತರಗತಿಯಲ್ಲಿದ್ದಾಗ ಮಾಡಿಸಿದ್ದು. ಈಗ ಒಂಬತ್ತನೆಯ ತರಗತಿ. ಇಷ್ಟು ವರ್ಷಗಳಲ್ಲಿ ಅವಳು ಅದರ ಮುಂದೆ ಕುಳಿತು ಓದಿದ್ದು ಮೊದಲ ಮೂರು ತಿಂಗಳು ಮಾತ್ರ. ಬಳಿಕ ನನ್ನ ಮುಗಿದ ಮೊಕದ್ದಮೆಗಳ ಕಡತಗಳು ಅಲ್ಲಿ ಬಂದು ಕುಳಿತವು. ಅವುಗಳ ಮೇಲೆ ಹಳೆಯ ಪತ್ರಿಕೆಗಳು, ಅವುಗಳ ಮೇಲೆ ಕೆಟ್ಟುಹೋದ ಪ್ರಿಂಟರ್, ಅದರ ಮೇಲೆ ಪೊಟ್ಟಣ ಬಿಚ್ಚದ ಎರಡು ಗೋಡೆಗಡಿಯಾರಗಳು. ಮಗಳು ಊಟದ ಮೇಜಿನ ಮೂಲೆಗೆ ಸರಿದಳು. ತಟ್ಟೆ ಇಡುವ ಹೊತ್ತಿಗೆ ಪುಸ್ತಕ ಎತ್ತಿಕೊಂಡು ಏಳುವುದು ಅವಳ ದಿನಚರಿಯಾಯಿತು.

ಕಳೆದ ವರ್ಷ ವಿದ್ಯಾರ್ಥಿವೇತನವೊಂದಕ್ಕೆ ಅರ್ಜಿ ಸಲ್ಲಿಸುವ ಕೊನೆಯ ದಿನ ಅವಳ ಹೆಸರಿನ ಬ್ಯಾಂಕ್ ಪಾಸ್‌ಪುಸ್ತಕ ಬೇಕಾಯಿತು. ಅಂದು ಬ್ಯಾಂಕಿಗೆ ರಜೆ. ಮನೆಮಂದಿಯೆಲ್ಲ ಕಪಾಟು, ಪೆಟ್ಟಿಗೆ, ಹಾಸಿಗೆಯ ಅಡಿ ಎಲ್ಲವನ್ನೂ ಜಾಲಾಡಿದೆವು. ಒಬ್ಬರ ಮೇಲೊಬ್ಬರು ರೇಗಿದೆವು. ಸಿಗಲಿಲ್ಲ. ಒಂದು ವಾರದ ನಂತರ ಅದು ಸಿಕ್ಕಿದ್ದು ಅದೇ ಹಲಸಿನ ಮೇಜಿನ ಸೆಳೆಖಾನೆಯಲ್ಲಿ. ಕಡತಗಳ ಕಟ್ಟು ಅಡ್ಡವಾಗಿದ್ದುದರಿಂದ ಆ ಸೆಳೆಖಾನೆಯನ್ನು ಯಾರೂ ಎಳೆದಿರಲೇ ಇಲ್ಲ. ಮಗಳು ಏನೂ ಹೇಳಲಿಲ್ಲ. "ದಾಖಲೆ ಸರಿಯಾಗಿ ಇಟ್ಟುಕೊಳ್ಳಿ" ಎಂದು ಕಕ್ಷಿದಾರರಿಗೆ ದಿನವೂ ಬುದ್ಧಿ ಹೇಳುವವನ ಮನೆಯ ಕತೆ ಇದು. ಅವಳು ಸುಮ್ಮನಿದ್ದುದೇ ನನಗೆ ಹೆಚ್ಚು ನೋವಾಯಿತು.

ಈ ಆಟಿಯಲ್ಲಿ, ಹೊರಗೆ ಕಾಲಿಡಲಾಗದ ಮಳೆಯ ಭಾನುವಾರಗಳಂದು, ಮನೆಯನ್ನು ಹಗುರ ಮಾಡಲು ಹೊರಟೆವು. ಆಗ ನನ್ನ ವೃತ್ತಿಯ ಮೂರು ತತ್ತ್ವಗಳು ಕೆಲಸಕ್ಕೆ ಬಂದವು.

ಮೊದಲನೆಯದು ಕಾಲಮಿತಿ. ಹಕ್ಕು ಎಷ್ಟೇ ನ್ಯಾಯವಾಗಿದ್ದರೂ ಅದನ್ನು ಕೇಳುವುದಕ್ಕೆ 1963ರ ಕಾಲಮಿತಿ ಅಧಿನಿಯಮ ಒಂದು ಅವಧಿಯನ್ನು ಕಟ್ಟಿದೆ. ಕೈಸಾಲದ ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷ, ಒಡೆತನದ ಆಧಾರದಲ್ಲಿ ಸ್ಥಿರಾಸ್ತಿಯ ಸ್ವಾಧೀನ ಕೇಳಲು ಹನ್ನೆರಡು ವರ್ಷ. ವ್ಯಾಜ್ಯಕ್ಕೊಂದು ಕೊನೆ ಇರಬೇಕು, ಜನ ನೆಮ್ಮದಿಯಿಂದ ಬದುಕಬೇಕು ಎಂಬುದೇ ಅದರ ಹಿಂದಿನ ವಿವೇಕ. ಮನೆಯ ವಸ್ತುಗಳಿಗೂ ನಾವು ಮೂರು ನವರಾತ್ರಿಗಳ ಅವಧಿ ಕಟ್ಟಿದೆವು. ಮೂರು ಸಲ ಬಲೆ ತೆಗೆದು ಒರಸುವಾಗಲೂ ಬಳಸದೆ ಹಾಗೆಯೇ ತಿರುಗಿ ಇಟ್ಟ ವಸ್ತುವಿಗೆ ನಮ್ಮ ಮನೆಯಲ್ಲಿ ಇನ್ನು ಹಕ್ಕಿಲ್ಲ. ಗಡಿಯಾರಗಳು ಹೋದವು, ಮುಚ್ಚಳವಿಲ್ಲದ ಡಬ್ಬಗಳು ಹೋದವು. ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು ಹರಿತ ಕರ್ಮ ಸೇನೆಯವರು ಒಯ್ದರು. ನನ್ನ ಮುಗಿದ ಕಡತಗಳಲ್ಲಿದ್ದ ಮೂಲಪತ್ರಗಳನ್ನು ಕಕ್ಷಿದಾರರಿಗೆ ಕರೆದು ಕೊಟ್ಟೆ. ಅವು ನನ್ನಲ್ಲಿ ಇರಬೇಕಾದವೇ ಆಗಿರಲಿಲ್ಲ.

ಎರಡನೆಯದು ಸಹಜ ನ್ಯಾಯ. ಎದುರು ಪಕ್ಷದ ಮಾತು ಕೇಳದೆ ತೀರ್ಪು ಕೊಡುವಂತಿಲ್ಲ. ಉತ್ಸಾಹದಲ್ಲಿ ನಾನು ಅಮ್ಮನ ತಾಮ್ರದ ಹಂಡೆಯನ್ನು ಜಗಲಿಗೆ ತಂದಿಟ್ಟಿದ್ದೆ. ಸ್ನಾನಕ್ಕೆ ಗೀಸರ್ ಬಂದು ಎಷ್ಟೋ ವರ್ಷಗಳಾಗಿದ್ದವು. ಅಮ್ಮ ಅದನ್ನು ನೋಡಿ, "ಕೊಡುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ ಮಗ, ಕೇಳದೆ ಕೊಡಬೇಡ" ಎಂದರು. ಆಮೇಲೆ ತಾವೇ ಕುಳಿತು, ಉಗ್ರಾಣದ ಒಂದೊಂದು ಪಾತ್ರೆಯನ್ನೂ ತರಿಸಿ, ಇದು ಇಂಥವರಿಗೆ, ಇದು ಗುಜರಿಗೆ ಎಂದು ಹಂಚಿದರು. ಹಂಡೆ ಮಾತ್ರ ಉಳಿಯಿತು. ನಾನೊಬ್ಬನೇ ತೀರ್ಮಾನಿಸಿದ್ದರೆ ಹಂಡೆ ಹೋಗಿ ಜಗಳ ಉಳಿಯುತ್ತಿತ್ತು. ಮಕ್ಕಳ ವಿಷಯದಲ್ಲೂ ಹೀಗೆಯೇ. ಹರಿದ ಚಿತ್ರಪುಸ್ತಕ ನಮಗೆ ಕಸ. ಏಳು ವರ್ಷದ ಮಗನಿಗೆ ಅದು ಆಸ್ತಿ. ಅವನಿಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟು, ಇದರಲ್ಲಿ ಹಿಡಿಸುವಷ್ಟು ಇಟ್ಟುಕೋ ಎಂದೆವು. ಅರ್ಧ ದಿನ ವಿಚಾರಣೆ ನಡೆಸಿ ತಾನೇ ತೀರ್ಪು ಕೊಟ್ಟ.

ಮೂರನೆಯದು ವಶ. ಮೂವತ್ತು ವರ್ಷ ದಾಟಿದ ದಾಖಲೆಯೊಂದು ಇರಬೇಕಾದವರ ವಶದಿಂದಲೇ ನ್ಯಾಯಾಲಯಕ್ಕೆ ಬಂದರೆ, ಅದರ ರುಜು ಅದರಲ್ಲಿ ಹೇಳಿದವರದೇ ಎಂದು ನ್ಯಾಯಾಲಯ ಭಾವಿಸಬಹುದು. 1872ರ ಸಾಕ್ಷ್ಯ ಕಾನೂನಿನಲ್ಲಿದ್ದ ಈ ನಿಯಮ 2023ರ ಹೊಸ ಕಾನೂನಿನಲ್ಲೂ ಉಳಿದಿದೆ. ಹಳೆಯ ಕಾಗದದ ಬಲ ಅದು ಎಲ್ಲಿತ್ತು ಎಂಬುದರಲ್ಲೂ ಇದೆ ಎಂದಾಯಿತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಟ್ಟದಿಂದ ಇಳಿಸಿದ ಅಜ್ಜನ ತಗಡಿನ ಪೆಟ್ಟಿಗೆಯೊಳಗಿನ ಕಟ್ಟನ್ನು ನಾನು ಗುಜರಿಯ ರಾಶಿಗೆ ಸೇರಿಸಿದ್ದೆ. ಅಂಚು ಗೆದ್ದಲು ತಿಂದಿತ್ತು, ಬೂಷ್ಟು ಹಿಡಿದಿತ್ತು, ಅಕ್ಷರ ಮೋಡಿ ಹಾಕಿದಂತೆ ಬಳುಕಿತ್ತು. ದಿನವಿಡೀ ಇಂಗ್ಲಿಷ್, ಮಲಯಾಳದ ಕಡತಗಳಲ್ಲೇ ಇರುವ ನನ್ನ ಕಣ್ಣಿಗೆ ಅದನ್ನು ಓದುವ ತಾಳ್ಮೆ ಇರಲಿಲ್ಲ.

ರಾಶಿಯ ಪಕ್ಕ ಕುಳಿತಿದ್ದ ಮಗಳು ಒಂದು ಹಾಳೆ ಎತ್ತಿಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದತೊಡಗಿದಳು. "ಅಪ್ಪಾ, ಇದು ಚಾಲಗೇಣಿ ಚೀಟಿಯಂತೆ. ವರ್ಷಕ್ಕೆ ಅಕ್ಕಿ ಮುಡಿ ಹನ್ನೆರಡು. ಪೂರ್ವಕ್ಕೆ ತೋಡು, ಪಡುವಣಕ್ಕೆ ಕಾಲುದಾರಿ. ಚಕ್ಕುಬಂದಿ ಅಂದರೇನು?"

ಕೈಯಲ್ಲಿದ್ದುದನ್ನು ಕೆಳಗಿಟ್ಟೆ. 1956ರ ನವೆಂಬರ್ 1ರ ತನಕ ನಮ್ಮ ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಕಾಲದ ಗೇಣಿ ಚೀಟಿಗಳು ನಮ್ಮಂಥವರ ಮನೆಗಳಲ್ಲಿ ಕನ್ನಡದಲ್ಲೇ ಇವೆ. ಕೇರಳದ ಭೂಸುಧಾರಣೆಯ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದು ಗೇಣಿದಾರರಿಗೆ ಪಟ್ಟಯ ಸಿಕ್ಕಿದ್ದರ ಹಿಂದೆ ಇಂಥ ಚೀಟಿಗಳಿವೆ. ನೋಂದಣಿಯಾದ ಆಧಾರಪತ್ರ ಕಳೆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ಪ್ರತಿ ಕೇಳಬಹುದು. ನೋಂದಣಿಯಾಗದ ಗೇಣಿ ಚೀಟಿಗೆ, ಗೇಣಿ ರಶೀದಿಗೆ ಅಂಥ ಎರಡನೆಯ ಪ್ರತಿ ಎಲ್ಲಿದೆ? 2022ರಲ್ಲಿ ರಾಜ್ಯದಲ್ಲಿ ಡಿಜಿಟಲ್ ಮರುಸರ್ವೆ ಆರಂಭವಾಗಿದೆ. ಅಳತೆಯವರು ಗಡಿ ತೋರಿಸಿ ಎಂದಾಗ ತೋಡು ಎಲ್ಲಿತ್ತು ಎಂದು ಹೇಳಲು ಅಜ್ಜ ಇಲ್ಲ. ಆ ಚೀಟಿ ಇದೆ. ಇನ್ನು ಹತ್ತು ನಿಮಿಷ ಕಳೆದಿದ್ದರೆ ಅದೂ ಗುಜರಿಯವನ ಆಟೋ ಹತ್ತುತ್ತಿತ್ತು.

ಈ ಅಂಕಣ ಓದುವ ಹೆತ್ತವರಲ್ಲಿ ನನ್ನದೊಂದು ವಿನಂತಿ. ಮನೆ ಹಗುರ ಮಾಡಿ, ಖಂಡಿತ ಮಾಡಿ. ಕಾಗದಗಳನ್ನು ಮಾತ್ರ ಕೊನೆಗೆ ಮುಟ್ಟಿ. ಮುಟ್ಟುವಾಗ ಕನ್ನಡ ಮಾಧ್ಯಮದಲ್ಲಿ ಓದುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಧಾರಪತ್ರ, ಪಟ್ಟಯ, ಪಾಲುಪಟ್ಟಿ, ಉಯಿಲು, ಹಳೆಯ ತೀರ್ವೆ ರಶೀದಿ, ಜನನ ಮರಣಗಳ ಪ್ರಮಾಣಪತ್ರ, ಎಸ್.ಎಸ್.ಎಲ್.ಸಿ. ಪುಸ್ತಕ ಇವು ಕಾಲಮಿತಿಗೆ ಹೊರತು. ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗೆ ನಾಳೆ ನಿಮ್ಮ ಮಗು ಅರ್ಜಿ ಹಾಕುವಾಗ ಶಾಲಾ ದಾಖಲೆಯೇ ಮಾತಾಡಬೇಕು. ಮಿಕ್ಸಿ, ಮೊಬೈಲುಗಳ ಬಿಲ್ಲನ್ನು ಖಾತರಿ ಅವಧಿ ಮುಗಿಯುವವರೆಗೆ ಇಡಿ, ಗ್ರಾಹಕ ದೂರಿಗೆ ಇರುವ ಎರಡು ವರ್ಷದ ಅವಧಿಯೂ ಕಳೆಯಲಿ, ಬಳಿಕ ಬಿಡಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ ಇರುವ ಹಾಳೆಗಳನ್ನು ಹರಿದೇ ಕೊಡಿ. ಉಳಿಸಿಕೊಂಡದ್ದೆಲ್ಲ ಒಂದೇ ಕಡೆ ಇರಲಿ; ಆ ಜಾಗ ಮನೆಯ ಎಲ್ಲರಿಗೂ ಗೊತ್ತಿರಲಿ. ಒಂದೇ ದಿನದಲ್ಲಿ ಇಡೀ ಮನೆಗೆ ಕೈಹಾಕಬೇಡಿ. ಈ ಭಾನುವಾರಕ್ಕೆ ಒಂದು ಕಪಾಟು ಸಾಕು.

ನಮ್ಮ ಮನೆಯಲ್ಲಿ ಆ ಒಂದೇ ಕಡೆ ಎಂದರೆ ಅಜ್ಜನ ತಗಡಿನ ಪೆಟ್ಟಿಗೆ. ಬಿಸಿಲು ಕಂಡ ದಿನ ಒಣಗಿಸಿ, ಒಳಗೆ ಹೊಸ ಲಕೋಟೆಗಳನ್ನು ಇಟ್ಟಿದ್ದೇವೆ. ಲಕೋಟೆಗಳ ಮೇಲೆ ಹೆಸರು ಬರೆದವಳು ಮಗಳು. ಪಾಸ್‌ಪುಸ್ತಕದ್ದೂ ಅದರಲ್ಲೊಂದು. ಈ ವರ್ಷದ ಅರ್ಜಿಯನ್ನು ಅವಳು ಕೊನೆಯ ದಿನಕ್ಕೆ ಕಾಯದೆ ಹಲಸಿನ ಮೇಜಿನ ಮುಂದೆ ಕುಳಿತು ತುಂಬಿಸಿದಳು. ಊಟಕ್ಕೆ ತಟ್ಟೆ ಇಟ್ಟು ಕರೆದಾಗ ಪುಸ್ತಕಗಳನ್ನು ಹಾಗೆಯೇ ತೆರೆದಿಟ್ಟು ಎದ್ದು ಬಂದಳು.