ಎಲೆ ಹಾಕಿದರೆ ಸಾಲದು
ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ೧೯೯೧ರಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾದವು. ಆದರೆ ಎಲೆ ಹಾಕಿದ ಮಾತ್ರಕ್ಕೆ ಊಟವಾಗದು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ; ಗಣಕದ ಲೆಕ್ಕದಲ್ಲಿ ಆರು ಸಂಕೇತ. ಇಂಗ್ಲಿಷಿನ ಅಳತೆಗೋಲಿನಿಂದ ಹೆಸರಿಗೆ ಮಿತಿ ಹಾಕುವ ತಂತ್ರಾಂಶವು ಅಕ್ಷರವನ್ನು ನಡುವೆಯೇ ಕತ್ತರಿಸುತ್ತದೆ. ಕ್ರಿಯಾಪದವು ಇಂಗ್ಲಿಷಿನಲ್ಲಿ ಕರ್ಮಕ್ಕೆ ಮೊದಲು, ನಮ್ಮಲ್ಲಿ ಕೊನೆಗೆ. ತುಂಡುಗಳನ್ನು ಜೋಡಿಸಿದರೆ ಕನ್ನಡ ಕೆಡುತ್ತದೆ. ಪೂರ್ಣ ವಾಕ್ಯಗಳನ್ನು ತಂತ್ರಾಂಶದಿಂದ ಬೇರ್ಪಡಿಸಿ, ಆಯಾ ಭಾಷೆ ಬಲ್ಲವರ ಕೈಗೆ ಒಪ್ಪಿಸುವುದೇ ಯೋಗ್ಯ ಮಾರ್ಗ.

ಇದು ಬರಿಯ ಭಾಷಾಭಿಮಾನದ ಮಾತಲ್ಲ. ಫೋನಿನಲ್ಲಿ ಊರಿಗೆ ಹಣ ಕಳುಹಿಸುವ ಹೋಟೆಲ್ ಕಾರ್ಮಿಕನು ತಾನು ಒಪ್ಪಿದ ಕರಾರನ್ನು ಓದಬಲ್ಲನೇ ಎಂಬ ಪ್ರಶ್ನೆ. ಕೇಳದವನ ಎಲೆಗೆ ಯಾರೂ ಬಡಿಸುವುದಿಲ್ಲ. ವಾಚಕರು ಇಂದೇ ತಮ್ಮ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಲಿ. ತಪ್ಪು ಕಂಡಲ್ಲಿ ತಯಾರಕರಿಗೆ ಬರೆದು ತಿಳಿಸಲಿ.