ಬಾವುಟ ಕಟ್ಟುವ ಮೊದಲು

ಮಳೆಗಾಲ ಹಿಂದಾಗಿ ಅಡಿಕೆ ಕೊಯ್ಲು ಆರಂಭವಾಗುವ ಹೊತ್ತಿಗೆ ಘಟ್ಟದ ರಸ್ತೆಗಳಲ್ಲಿ ಬಾವುಟ ಕಟ್ಟಿದ ಸೈಕಲ್ಲುಗಳು ಕಾಣಿಸಿಕೊಳ್ಳುತ್ತವೆ. ಯಾವುದೋ ಶಾಲೆಯ ಕಟ್ಟಡಕ್ಕಾಗಿ, ಯಾರದೋ ಚಿಕಿತ್ಸೆಗಾಗಿ, ಕೆಲವೊಮ್ಮೆ ಕಾಡಿನ ಹೆಸರಿನಲ್ಲಿ ಹಣ ಸಂಗ್ರಹಿಸಲು ಹೊರಟ ಯುವಜನರ ತಂಡಗಳಿವು. ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಸಿದ್ಧತೆಯೆಂದರೆ ಟೀ ಶರ್ಟು ಮುದ್ರಿಸುವುದು, ಬ್ಯಾನರು ಬರೆಸುವುದು, ಉದ್ಘಾಟನೆಗೆ ಗಣ್ಯರನ್ನು ಹುಡುಕುವುದು ಎಂಬ ತಿಳಿವಳಿಕೆ ಬೇರೂರಿಬಿಟ್ಟಿದೆ. ಕಾಲು, ಬ್ರೇಕು ಮತ್ತು ಲೆಕ್ಕದ ಪುಸ್ತಕ ನೆನಪಾಗುವುದು ಹೊರಡುವ ಹಿಂದಿನ ವಾರ. ಮೂರು ತಿಂಗಳ ಸಿದ್ಧತೆಗೆ ಒಪ್ಪದ ತಂಡ ಸಹಾಯಾರ್ಥ ಯಾತ್ರೆಗೆ ಹೊರಡಲೇಬಾರದು. ಪ್ರಯಾಣಕ್ಕೆಂದು ಎತ್ತಿಟ್ಟ ಹಣವನ್ನೇ ನೆರವು ಬೇಕಾದವರಿಗೆ ಕಳುಹಿಸಿ ಮನೆಯಲ್ಲಿರುವುದು ಮೇಲು.

ಮಾತು ಕಠೋರವೆನಿಸಬಹುದು. ಉಡುಪಿಯಿಂದ ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿಗಳ ಮೂಲಕ ಶಿವಮೊಗ್ಗಕ್ಕೆ ಹೋಗುವ ಹಾದಿಯನ್ನು ಉದಾಹರಣೆಗೆ ನೋಡೋಣ. ಹೆಚ್ಚುಕಡಿಮೆ 150 ಕಿಲೋಮೀಟರ್. ಸೋಮೇಶ್ವರದ ತನಕ ರಸ್ತೆ ಅಷ್ಟಾಗಿ ಕಾಡುವುದಿಲ್ಲ. ಅಲ್ಲಿಂದ ಮುಂದೆ 14 ಹೇರ್‌ಪಿನ್ ತಿರುವುಗಳಲ್ಲಿ ಸುಮಾರು 500 ಮೀಟರ್ ಎತ್ತರವನ್ನು ಏರಬೇಕು. ಸವಾರ, ಸೈಕಲ್ಲು, ಚೀಲ ಎಲ್ಲ ಸೇರಿ 80 ಕಿಲೋ ತೂಕವೆಂದುಕೊಂಡರೆ, ಈ ಏರಿಗಷ್ಟೇ ದೇಹ ದಹಿಸಬೇಕಾದ ಶಕ್ತಿ ಸುಮಾರು 375 ಕಿಲೋಕ್ಯಾಲರಿ. ಏಕೆಂದರೆ ದಹಿಸಿದ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಪೆಡಲಿಗೆ ಇಳಿಯುತ್ತದೆ, ಉಳಿದದ್ದು ಬೆವರಾಗಿ, ಬಿಸಿಯಾಗಿ ಹೋಗುತ್ತದೆ. 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದಂತಹ ಗೇರಿಲ್ಲದ ಸೈಕಲ್ಲಾದರೆ ಕಡಿದಾದ ತಿರುವುಗಳಲ್ಲಿ ಇಳಿದು ತಳ್ಳುವುದೇ ವಿವೇಕ. ತಳ್ಳುವುದನ್ನು ಅವಮಾನವೆಂದು ಬಗೆಯುವವರ ಮಂಡಿಗಳು ಮಾರನೆಯ ದಿನ ಉತ್ತರ ಹೇಳುತ್ತವೆ.

ಒಂದೇ ಉಳುಮೆಗೆ ಮಣ್ಣು ಹದಕ್ಕೆ ಬರುವುದಿಲ್ಲವೆಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತು. ಉತ್ತ ಮೇಲೆ ಬಿಸಿಲಿಗೆ ಬಿಡಬೇಕು, ಮತ್ತೆ ಉಳಬೇಕು. ದೇಹದ ಹದವೂ ಹಾಗೆಯೇ. ಸ್ನಾಯು ಬಲಗೊಳ್ಳುವುದು ದುಡಿಯುವಾಗಲ್ಲ, ದುಡಿದ ನಂತರದ ವಿಶ್ರಾಂತಿಯಲ್ಲಿ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಂದಿಕೊಂಡರೆ, ಸ್ನಾಯುವನ್ನು ಮೂಳೆಗೆ ಬಿಗಿದಿಡುವ ಸ್ನಾಯುರಜ್ಜುಗಳು ಬಹಳ ನಿಧಾನ. ಉತ್ಸಾಹಿಗಳ ಮಂಡಿನೋವಿಗೆ ಈ ಅಂತರವೂ ಒಂದು ಕಾರಣ. ಆದ್ದರಿಂದ ಮೊದಲ ವಾರ ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ಸಾಕು. ಪ್ರತಿ ವಾರ ಹತ್ತರಲ್ಲೊಂದು ಭಾಗದಷ್ಟು ಹೆಚ್ಚಿಸುತ್ತ ಹೋಗಬಹುದು, ವಾರಕ್ಕೊಂದೆರಡು ದಿನ ಸೈಕಲ್ಲನ್ನು ಮುಟ್ಟದಿರುವುದೂ ಅಭ್ಯಾಸದ ಭಾಗವೇ. ಕೊನೆಯ ತಿಂಗಳಲ್ಲಿ ಶನಿವಾರ ಭಾನುವಾರ ಎರಡೂ ದಿನ ಬೆನ್ನು ಬೆನ್ನಿಗೆ ದೂರ ಸವಾರಿ ಮಾಡಬೇಕು. ದಣಿದ ಕಾಲಿನಲ್ಲಿ ಮತ್ತೆ ಸೀಟು ಹತ್ತುವುದು ಹೇಗಿರುತ್ತದೆಂದು ಯಾತ್ರೆಯ ಎರಡನೆಯ ಬೆಳಿಗ್ಗೆಯೇ ಮೊದಲ ಬಾರಿಗೆ ತಿಳಿಯುವಂತಾಗಬಾರದು. ಸೀಟಿನ ಎತ್ತರವೂ ಮುಖ್ಯ: ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೇರವಾಗಬೇಕು.

ಊಟದ ವಿಷಯದಲ್ಲಿ ಪೇಟೆಯ ಪುಡಿ ಪೊಟ್ಟಣಗಳ ಮೋಹ ಬೇಡ. ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗಿರುವ ಗ್ಲೈಕೋಜನ್ ಸುಮಾರು 400ರಿಂದ 500 ಗ್ರಾಂ. ಕಠಿಣ ದುಡಿಮೆಗೆ ಅದು ಒಂದೂವರೆ ಎರಡು ಗಂಟೆಯ ಬುತ್ತಿ. ಅದು ಬರಿದಾದರೆ ಎಂತಹ ಗಟ್ಟಿಗನೂ ರಸ್ತೆಬದಿಯಲ್ಲಿ ಕುಸಿದು ಕೂರುತ್ತಾನೆ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಇಲ್ಲವೆ ಸಕ್ಕರೆ ಹೊಟ್ಟೆಗೆ ಬೀಳುತ್ತಿರಬೇಕು. ಮೂರ್ನಾಲ್ಕು ಪುಟ್ಟಬಾಳೆಹಣ್ಣು, ಬೆಲ್ಲ ಕಲಸಿದ ಅವಲಕ್ಕಿ, ಒಂದೆರಡು ಶೇಂಗಾ ಚಿಕ್ಕಿ ಇಷ್ಟರಲ್ಲಿ ಅದು ನೀಗುತ್ತದೆ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಕುಡಿಯುತ್ತ ಹೋಗುವುದು ಅಪಾಯಕರ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲವೂ ಮಟ್ಟ ಅಳತೆ. ಸಕ್ಕರೆಯ ಬದಲು ಜೋನಿಬೆಲ್ಲ ಬೆರೆಸಿ ಒಂದಿಷ್ಟು ಮುರುಗಲು ಹುಳಿ ಹಿಂಡಿದರೆ ರುಚಿಯೂ ಆಯಿತು. ಆದರೆ ಯಾವುದನ್ನೇ ಆಗಲಿ ಅಭ್ಯಾಸದ ದಿನಗಳಲ್ಲಿ ಹೊಟ್ಟೆಗೆ ಒಗ್ಗಿಸಿಕೊಂಡಿರಬೇಕು.

ಏರಿಗಿಂತ ಇಳುಕಲು ಭಯಂಕರ. ಅದೇ 80 ಕಿಲೋ ತೂಕ ಅದೇ 500 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಒಂದು ಲೀಟರಿಗೂ ಮಿಕ್ಕಿ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಒಂದಷ್ಟನ್ನು ಎದುರುಗಾಳಿ ನುಂಗುತ್ತದೆ. ಉಳಿದುದೆಲ್ಲ ಹೆಬ್ಬೆರಳು ಗಾತ್ರದ ನಾಲ್ಕು ಬ್ರೇಕ್ ರಬ್ಬರುಗಳಿಗೂ ಎರಡು ರಿಮ್ಮುಗಳಿಗೂ ಹಂಚಿಹೋಗಬೇಕು. ಇಳಿಜಾರಿನುದ್ದಕ್ಕೂ ಬ್ರೇಕನ್ನು ಒತ್ತಿಯೇ ಹಿಡಿದರೆ ರಿಮ್ಮು ಕಾಯುತ್ತದೆ, ರಬ್ಬರು ಸವೆಯುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕುಗಳನ್ನು ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಸಡಿಲಿಸುವುದನ್ನು ಚಿಕ್ಕ ಇಳುಕಲಿನಲ್ಲಿ ಹಲವು ಬಾರಿ ಕಲಿತಿರಬೇಕು. ಹೊಸ ಬ್ರೇಕ್ ರಬ್ಬರಿಗೆ ತಗಲುವುದು ಅಲ್ಪ ವೆಚ್ಚ, ಬ್ಯಾನರಿನ ಖರ್ಚಿನಲ್ಲಿ ಒಂದು ಸಣ್ಣ ಪಾಲು. ಹೆಲ್ಮೆಟ್ಟಿನ ಬಗ್ಗೆ ಚರ್ಚೆಯೇ ಅನಗತ್ಯ.

ಕಾಡಿನ ಹಾದಿಗೆ ಅದರದೇ ಸಿದ್ಧತೆ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣುಗುಗಳ ಕಡಿತದಿಂದ ಹರಡುತ್ತದೆ. ಅದರ ಕಾವು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಸೈಕಲ್ ಯಾತ್ರೆಗಳ ಕಾಲವೂ ಅದೇ. ದಣಿದ ಸವಾರರು ದರಗೆಲೆಯ ಮೇಲೆ ಮೈಚಾಚುವ ದೃಶ್ಯ ಬಯಲುಸೀಮೆಯವರಿಗೆ ಸುಂದರವಾಗಿ ಕಾಣಬಹುದು, ಮಲೆನಾಡಿನವರಿಗಲ್ಲ. ಹಾದಿಯಲ್ಲಿ ಸಿಗುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೊದಲೇ ವಿಚಾರಿಸಿ, ಉಣುಗು ನಿವಾರಕ ತೈಲವನ್ನು ಜೊತೆಗಿಟ್ಟುಕೊಳ್ಳಬೇಕು. ಬಾಳೆಹಣ್ಣಿನ ಸಿಪ್ಪೆ ಗೊಬ್ಬರವಾಗುತ್ತದೆಂದು ತಿರುವುಗಳಲ್ಲಿ ಎಸೆಯುವವರಿದ್ದಾರೆ. ಅದು ಗೊಬ್ಬರವಾಗುವ ಮೊದಲು ಕೋತಿಗಳನ್ನು ರಸ್ತೆಗೆ ಕರೆತರುತ್ತದೆ, ಹಿಂದಿನಿಂದ ಬರುವ ಬಸ್ಸು ಉಳಿದ ಕೆಲಸ ಮಾಡುತ್ತದೆ.

ಇನ್ನು ಹಣದ ಮಾತು. ಈ ಬಗೆಯ ಯಾತ್ರೆಗಳಿಗೆ ಹೆಸರಾದ ಅಮೆರಿಕದಲ್ಲಿ ಎರಡು ಪಾಠಗಳು ದೊರೆಯುತ್ತವೆ. 1980ರಲ್ಲಿ ಬಿಲ್ಲಿ ಸ್ಟಾರ್ ಎಂಬುವರು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 36 ಸವಾರರೊಂದಿಗೆ ಆರಂಭಿಸಿದ ಪ್ಯಾನ್-ಮಾಸ್ ಚಾಲೆಂಜ್ ಮೊದಲ ವರ್ಷ ಕೂಡಿಸಿದ್ದು 10,200 ಡಾಲರ್. ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗಾಗಿ ನಡೆಯುವ ಆ ಯಾತ್ರೆಯಲ್ಲಿ 2007ರಿಂದೀಚೆಗೆ ಸವಾರರು ಸಂಗ್ರಹಿಸಿದ ದೇಣಿಗೆ ಪೂರ್ತಿಯಾಗಿ ಆ ಸಂಸ್ಥೆಗೆ ಸೇರುತ್ತದೆ. ನಡೆಸುವ ಖರ್ಚಿಗೆ ಪ್ರಾಯೋಜಕರ ನೆರವು ಮತ್ತು ಸವಾರರ ನೋಂದಣಿ ಶುಲ್ಕವಿದೆ. ಇನ್ನೊಂದು ಕಡೆ, 1994ರಿಂದ ಏಡ್ಸ್ ಪರಿಹಾರಕ್ಕಾಗಿ ಭಾರೀ ಸವಾರಿಗಳನ್ನು ಸಂಘಟಿಸಿದ ಪಲ್ಲೊಟ್ಟಾ ಟೀಮ್‌ವರ್ಕ್ಸ್ ಕಂಪನಿ ಬಹಳಷ್ಟು ಹಣವನ್ನು ಕೂಡಿಸಿತು ನಿಜ. ಆದರೆ ಖರ್ಚಿನ ಪ್ರಮಾಣದ ಕುರಿತ ಟೀಕೆಗಳ ನಡುವೆ 2002ರಲ್ಲಿ ಬಾಗಿಲು ಹಾಕಿತು.

ಡಾಲರುಗಳ ಲೆಕ್ಕ ಮಲೆನಾಡಿನ ಹುಂಡಿಗೂ ಅನ್ವಯಿಸುತ್ತದೆ. ಬೆಂಗಾವಲಿಗೆ ನಾಲ್ಕು ಜೀಪು, ಅದರ ಡೀಸೆಲ್, ಊಟ, ಶಾಲು, ಸ್ಮರಣಿಕೆ ಎಲ್ಲವನ್ನೂ ದೇಣಿಗೆಯಿಂದಲೇ ಕಳೆದರೆ ಉಳಿಯುವುದೆಷ್ಟು? ಕೂಲಿಯಲ್ಲಿ ಉಳಿಸಿದ ಹತ್ತು ರೂಪಾಯಿಯನ್ನು ಡಬ್ಬಕ್ಕೆ ಹಾಕುವ ಅಜ್ಜಿ ಜೀಪಿನ ಡೀಸೆಲ್ಲಿಗೆಂದು ಹಾಕುವುದಿಲ್ಲ. ಮೊಬೈಲ್ ಸಂಪರ್ಕ ಸಿಗದ ಘಟ್ಟದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹೊತ್ತ ಒಂದು ವಾಹನ ಬೇಕೇ ಬೇಕು. ಎರಡನೆಯದಕ್ಕೆ ಕಾರಣ ಕೊಡುವ ಹೊಣೆ ಸಂಘಟಕರದು. ಸವಾರರು ತಮ್ಮ ಖರ್ಚನ್ನು ತಾವೇ ಭರಿಸಬೇಕು. ಆಗದ ವಿದ್ಯಾರ್ಥಿಗಳ ಪಾಲನ್ನು ಊರಿನ ಸಹಕಾರಿ ಸಂಘವೋ ಹಳೆಯ ವಿದ್ಯಾರ್ಥಿಗಳೋ ದೇಣಿಗೆಯಿಂದ ಪ್ರತ್ಯೇಕವಾಗಿ ವಹಿಸಿಕೊಳ್ಳಬಹುದು. ಡಬ್ಬಕ್ಕೆ ಬಿದ್ದ ಮೊತ್ತ ಮತ್ತು ತಲುಪಿಸಿದ ರಶೀದಿ ಎರಡನ್ನೂ ಯಾತ್ರೆ ಹಾದುಹೋದ ಪ್ರತಿ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹದಿನೈದು ದಿನದೊಳಗೆ ಅಂಟಿಸಬೇಕು.

ಜನವರಿಯಲ್ಲಿ ಹೊರಡಬೇಕೆನ್ನುವ ತಂಡಕ್ಕೆ ಅಕ್ಟೋಬರ್ ಮೊದಲ ವಾರವೇ ಅಭ್ಯಾಸದ ಮೊದಲ ದಿನ. ಆಗಿನ್ನೂ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಒದ್ದೆ ರಿಮ್ಮಿನಲ್ಲಿ ಬ್ರೇಕು ತಡವಾಗಿ ಹಿಡಿಯುವುದೂ ಆ ದಿನಗಳಲ್ಲೇ ಅನುಭವಕ್ಕೆ ಬರುತ್ತದೆ.