ನಲವತ್ತಕ್ಕೆ ಮೊದಲೇ ಮುಟ್ಟು ನಿಂತರೆ ಮಕ್ಕಳಾಗುವುದೇ ಇಲ್ಲವೇ?

ಮದುವೆಯಾದ, ಮೂವತ್ತರ ಆಸುಪಾಸಿನ ಹೆಣ್ಣುಮಗಳಿಗೆ ನಾಲ್ಕೈದು ತಿಂಗಳು ಮುಟ್ಟು ಬಾರದೆ, ಬಸಿರೂ ಅಲ್ಲವೆಂದು ಗೊತ್ತಾದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಸಾಮಾನ್ಯವಾಗಿ ಕೇಳಿಬರುವ ಮಾತು ಎರಡು: ‘ಮೈಗೆ ಉಷ್ಣ ಆಗಿದೆ’, ‘ನಾಗದೋಷ ಇರಬೇಕು’. ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುವವರೂ ಇದ್ದಾರೆ. ಹರಕೆ ಮನಸ್ಸಿಗೆ ಧೈರ್ಯ ಕೊಡಬಹುದು. ಆದರೆ ಅದಕ್ಕಾಗಿ ರಕ್ತಪರೀಕ್ಷೆ ತಡವಾಗಬಾರದು.

ಏನಿದು ತೊಂದರೆ?

ಹೆಣ್ಣು ಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ವಯಸ್ಸಾದಂತೆ ಇವು ಕಡಿಮೆಯಾಗುತ್ತಾ ಹೋಗುತ್ತವೆ. 40 ವರ್ಷಕ್ಕೆ ಮೊದಲೇ ಅಂಡಾಶಯ ಸರಿಯಾಗಿ ಕೆಲಸ ಮಾಡದಿದ್ದರೆ ಅದನ್ನು ಅಂಡಾಶಯದ ಅಕಾಲಿಕ ವೈಫಲ್ಯ ಎನ್ನುತ್ತಾರೆ. ಇದು ನೂರರಲ್ಲಿ ಒಬ್ಬರಿಗೆ ಬರುತ್ತದೆ ಎಂಬುದು ಹಳೆಯ ಲೆಕ್ಕ. 2024ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಈ ಪ್ರಮಾಣ ಸುಮಾರು ಶೇ. 3.5 ಎನ್ನುತ್ತದೆ.

ಟರ್ನರ್ ಸಿಂಡ್ರೋಮ್‌ನಂಥ ವರ್ಣತಂತು ದೋಷ, ದೇಹದ ರೋಗನಿರೋಧಕ ಶಕ್ತಿ ಅಂಡಾಶಯದ ಮೇಲೆಯೇ ತಿರುಗಿಬೀಳುವುದು, ಅಂಡಾಶಯದ ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ರೇಡಿಯೇಷನ್ ಇವು ಕಾರಣಗಳು. ಎಷ್ಟೋ ಮಂದಿಯಲ್ಲಿ ಕಾರಣ ಗೊತ್ತಾಗುವುದೇ ಇಲ್ಲ. ಅಂದರೆ ‘ನೀನೇನೋ ಮಾಡಿಕೊಂಡೆ’ ಎಂದು ಸೊಸೆಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಪತ್ತೆ ಹೇಗೆ?

ಥೈರಾಯ್ಡ್, ಪಿಸಿಒಡಿ ಇದ್ದರೂ ಮುಟ್ಟು ತಪ್ಪುತ್ತದೆ. ಹಾಗಾಗಿ ಊಹೆ ಬೇಡ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೋ ಟಮಕದ ಜಾಲಪ್ಪ ಆಸ್ಪತ್ರೆಯಲ್ಲೋ ಸ್ತ್ರೀರೋಗ ತಜ್ಞರನ್ನು ಕಾಣಿ. ನಾಲ್ಕು ತಿಂಗಳಿಂದ ಮುಟ್ಟು ಏರುಪೇರಾಗಿದ್ದು, ರಕ್ತದಲ್ಲಿ ಎಫ್‌ಎಸ್‌ಎಚ್ ಹಾರ್ಮೋನ್ 25ಕ್ಕಿಂತ ಹೆಚ್ಚಿದ್ದರೆ ಅದು ಈ ತೊಂದರೆಯ ಸೂಚನೆ. ಅನುಮಾನವಿದ್ದರೆ ನಾಲ್ಕಾರು ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ.

‘ಮಾತ್ರೆ ತಿಂದ ಮೇಲೆ ಮುಟ್ಟು ಬಂತು, ಸರಿಹೋಯಿತು’

ಇದು ತಪ್ಪು. ಹಾರ್ಮೋನ್ ಮಾತ್ರೆ ರಕ್ತಸ್ರಾವ ತರಿಸಬಲ್ಲದು. ಮುಗಿದುಹೋದ ಅಂಡಾಣುಗಳನ್ನು ಮರಳಿ ತರಲಾರದು.

‘ಇನ್ನು ಮಕ್ಕಳೇ ಆಗುವುದಿಲ್ಲ’

ಇದೂ ಪೂರ್ತಿ ನಿಜವಲ್ಲ. ಅಂಡಾಶಯ ಆಗೊಮ್ಮೆ ಈಗೊಮ್ಮೆ ಕೆಲಸ ಮಾಡುವುದರಿಂದ ನೂರರಲ್ಲಿ 5ರಿಂದ 10 ಮಂದಿ ಸಹಜವಾಗಿಯೇ ಗರ್ಭ ಧರಿಸುತ್ತಾರೆ. ಮಗು ಬೇಡವೆನ್ನುವವರು ಗರ್ಭನಿರೋಧಕ ಬಳಸಲೇಬೇಕು. ಮಗು ಬೇಕೆನ್ನುವವರಿಗೆ ದಾನಿಯ ಅಂಡಾಣುವಿನಿಂದ ಐವಿಎಫ್ ಮಾಡಿಸುವ ದಾರಿಯಿದೆ. 2021ರ ಕಾಯ್ದೆಯಂತೆ ಅಂಡಾಣು ದಾನಿಗೆ 23ರಿಂದ 35 ವರ್ಷವಾಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ನೋಂದಾಯಿತ ಕೇಂದ್ರವೇ ಎಂದು ವಿಚಾರಿಸಿಕೊಂಡೇ ಹಣ ಕಟ್ಟಿ. ದತ್ತು ಸ್ವೀಕಾರವೂ ಇದೆ.

ಮಕ್ಕಳ ಚಿಂತೆಯಲ್ಲಿ ಮರೆತುಹೋಗುವುದು

ಈಸ್ಟ್ರೋಜನ್ ಕಡಿಮೆಯಾದರೆ ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಆದ್ದರಿಂದ ಮಕ್ಕಳಿರುವವರಿಗೂ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ ಬೇಕಾಗುತ್ತದೆ.

ಇನ್ನೊಂದು ಮಾತು. ಕ್ಯಾನ್ಸರ್ ಚಿಕಿತ್ಸೆಗೆಂದು ಬೆಂಗಳೂರಿನ ಕಿದ್ವಾಯಿಗೋ ಬೇರೆಡೆಗೋ ಹೋಗುವ ಯುವತಿಯರು, ಕಿಮೊಥೆರಪಿ ಶುರುವಾಗುವ ಮೊದಲೇ ಅಂಡಾಣು ಶೇಖರಿಸಿಡುವ ಬಗ್ಗೆ ವೈದ್ಯರನ್ನು ಕೇಳಬೇಕು. ಚಿಕಿತ್ಸೆ ಮುಗಿದ ಮೇಲೆ ಕೇಳಿದರೆ ಆ ದಾರಿ ಮುಚ್ಚಿಹೋಗಿರಬಹುದು.